ಹನ್ನೊಂದು ಹಣೆಗಳು

ಹೋದ ಶ್ರಾವಣದಲ್ಲಿ ನನ್ನ ಸೊಸೆಯ ತವರಿನವರು ಬಂದಿದ್ದರು. ಬಂದ ಬೀಗರಿಗೆ ಏನು ತೋರಿಸಬೇಕು ಎನ್ನುವುದು ರಬಕವಿಯಲ್ಲಿ ಯಾವಾಗಲೂ ಒಂದು ಸಮಸ್ಯೆ. ಮಗ್ಗ ತೋರಿಸಬಹುದು, ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಹೊಳೆ ತೋರಿಸೋಣವೆಂದರೆ ಮಳೆಗಾಲದಲ್ಲಿ ಹೊಳೆಯೇ ನಮ್ಮನ್ನು ನೋಡಲು ಊರೊಳಗೆ ಬರುತ್ತದೆ. ಕೊನೆಗೆ ಬೀಗಿತ್ತಿಯೇ, "ಜಮಖಂಡಿ ಕಡೆ ಒಂದು ಹಳೇ ವಾಡೆ ಐತಂತಲ್ರಿ, ಒಳಗ ಚಿತ್ರದ ಮ್ಯೂಸಿಯಂ ಮಾಡ್ಯಾರಂತ, ಅಲ್ಲಿಗೇ ಹೋಗೂಣು" ಎಂದರು. ನಾನು ಹೂಂ ಎಂದೆ. ಆ ವಾಡೆಯಲ್ಲಿ, ಹಳೆಯ ಧಣಿಗಳ ಆ ದೊಡ್ಡ ಮನೆಯಲ್ಲಿ, ನಾನು ಒಂದಿಡೀ ಮಳೆಗಾಲ ಕಳೆದಿದ್ದೆ ಎಂದು ಮಗನಿಗೆ ಗೊತ್ತಿತ್ತು. ಅಲ್ಲಿಂದ ಬಂದ ಮೇಲೆ ಒಂಬತ್ತು ವರ್ಷ, ಬಸ್ಸು ಆ ವಾಡೆಯ ಮುಂದೆ ಹಾಯುವಾಗಲೆಲ್ಲ ನಾನು ಇನ್ನೊಂದು ಬದಿಯ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಟಿಕೆಟು ತೆಗೆಸಿ, ಚಪ್ಪಲಿ ಬಿಟ್ಟು, ದರ್ಬಾರ್ ಹಾಲಿನ ಹೊಸ್ತಿಲು ದಾಟಿದೆವು. ಹಸಿ ಗಚ್ಚಿನ ವಾಸನೆಯೂ ಟರ್ಪೆಂಟೈನಿನ ವಾಸನೆಯೂ ಕೂಡಿ ಮೂಗಿಗೆ ಬಂದವು. ಒಳಕೋಣೆಯಲ್ಲಿ ಯಾವುದೋ ಚಿತ್ರದ ದುರಸ್ತಿ ನಡೆದಿರಬೇಕು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. "ಯಾಕ್ರಿ ಬೀಗಿತ್ಯಾರ, ದಣಿವಾತೇನು?" ಎಂದು ಬೀಗಿತ್ತಿ ಬೆಂಚು ತೋರಿಸಿದರು. ಕುಳಿತುಕೊಂಡೆ. ಎದುರಿನ ಗೋಡೆಯ ಮೇಲೆ ಬಂಗಾರದ ಬಣ್ಣದ ಚೌಕಟ್ಟುಗಳೊಳಗೆ ಹನ್ನೆರಡು ಮಂದಿ, ನಾನು ಬಿಟ್ಟುಹೋದ ಕ್ರಮದಲ್ಲೇ ಇದ್ದರು.

ನಾನು ವಾಡೆಗೆ ಹೋದ ಆ ವರ್ಷ ಬನಹಟ್ಟಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಚಿತ್ರಕಲೆಯ ಶಿಕ್ಷಕಿ ಎಂದರೆ ಊರಿಗೆಲ್ಲ ಬೋರ್ಡು ಬರೆದುಕೊಡುವವಳು ಎಂದೇ ಲೆಕ್ಕ. ಗಣರಾಜ್ಯೋತ್ಸವದ ಬ್ಯಾನರು ನನ್ನದೇ, ಮುಖ್ಯೋಪಾಧ್ಯಾಯರ ಮಗಳ ಮದುವೆಯ ಕಮಾನೂ ನನ್ನದೇ. ಹೀಗಿರುವಾಗ ಆ ವಾಡೆಯ ಮನೆತನದವರು, ಪುಣೆಯಲ್ಲಿ ನೆಲೆಸಿದ ಧಣಿಗಳು, ಮನೆಯನ್ನು ಚಿತ್ರ ಸಂಗ್ರಹಾಲಯ ಮಾಡಬೇಕೆಂದು ನಿಶ್ಚಯಿಸಿದರು. ಚಿತ್ರಗಳ ಪಟ್ಟಿ ಮಾಡಲು, ಒಂದೊಂದರ ಕೆಳಗೆ ಕನ್ನಡದಲ್ಲಿ ಎರಡೆರಡು ಸಾಲು ಬರೆಯಲು ಒಬ್ಬರು ಬೇಕು ಎಂದು ಶಾಲೆಗೆ ಕಾಗದ ಬಂತು. ಮುಂಗಾರು ಶುರುವಾದ ದಿನಗಳಲ್ಲಿ ನನ್ನನ್ನು ಮೂರು ತಿಂಗಳ ಮಟ್ಟಿಗೆ ಕಳಿಸಿಕೊಟ್ಟರು. ಇಪ್ಪತ್ತೇಳು ವರ್ಷ ಮಾವಿನಹಣ್ಣು, ಹೂಜಿ, ಬಕೆಟ್ಟು ಬರೆಸಿದವಳಿಗೆ ಖರೆ ಎಣ್ಣೆಬಣ್ಣದ ಚಿತ್ರಗಳ ನಡುವೆ ಕೂರುವ ಭಾಗ್ಯ. ಮೊದಲ ದಿನ ಇಲಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ.

ವಾಡೆಯ ಬೀಗದ ಕೈಗಳು ಸಂಗಪ್ಪಣ್ಣನವರ ಸೊಂಟದಲ್ಲಿದ್ದವು. ಹುನ್ನೂರಿನವರು, ಅರವತ್ತು ದಾಟಿದವರು, ಧೋತರ, ತಲೆಗೆ ಬಿಳಿ ಟೊಪ್ಪಿಗೆ. ಅವರ ಅಪ್ಪನೂ ಇದೇ ವಾಡೆಯಲ್ಲಿ ಇದೇ ಕೆಲಸ ಮಾಡಿದವರು. ಧಣಿಗಳು ಊರು ಬಿಟ್ಟು ಹೋದ ಮೇಲೆ ನಲವತ್ತು ವರ್ಷ ಆ ಮನೆಯ ಕಿಟಕಿ ತೆರೆದು ಮುಚ್ಚಿದವರು ಇವರೊಬ್ಬರೇ. ಚಿತ್ರದಲ್ಲಿರುವವರು ಯಾರು ಎನ್ನುವುದಕ್ಕೆ ಒಂದು ಕಾಗದದ ಚೂರೂ ಇರಲಿಲ್ಲ. ಇದ್ದದ್ದು ಸಂಗಪ್ಪಣ್ಣನವರ ತಲೆಯಲ್ಲಿ. ನಾನು ವಹಿ ಹಿಡಿದು ಕೂರುವುದು, ಅವರು ಕೋಲಿನಿಂದ ತೋರಿಸುತ್ತ ಹೇಳುವುದು, ಹೀಗೆ ನಮ್ಮ ಕೆಲಸ ಸಾಗಿತು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕಾರ ಎಂದೇ ಕರೆಯುವುದು, ಅವರೂ ಹಾಗೆಯೇ ಕರೆಯುತ್ತಿದ್ದರು.

"ಇವ್ರು ದೊಡ್ಡ ಧಣ್ಯಾರ ಅಪ್ಪಾರ್ರಿ. ಭಾಳ ಸಿಟ್ಟಿನವ್ರು. ಕಾಲಾಗ ನಾಯಿ ಕುಂತೈತಿ ನೋಡ್ರಿ, ಅದು ಮುಧೋಳದ ನಾಯಿ ಅಂತ ಎಲ್ಲಾರೂ ಅಂತಾರ. ಅಲ್ರೀ. ಮುಧೋಳದ ನಾಯಿಗೆ ಇಷ್ಟು ಹೊಟ್ಟಿ ಇರತೈತೇನ್ರಿ? ಚಿತ್ರ ತಗ್ಯಾಂವ ತನ್ನ ಊರ ನಾಯಿ ನೆನಸಿಕೊಂಡು ತಗದಾನ."

"ಹಂಗಾದ್ರ ಏನಂತ ಬರೀಲಿ?"

"ನಾಯಿ ಅಂತ ಬರೀರಿ. ಯಾವ ಊರದ್ದು ಅಂತ ಯಾಕ ಬೇಕು?"

ನಾನು ನಾಯಿ ಎಂದೇ ಬರೆದೆ.

ಮೊದಲ ಸೋಮವಾರ ನಾನು ಹೋದಾಗ ಸಂಗಪ್ಪಣ್ಣ ಸ್ನಾನ ಮಾಡಿ, ಒಂದು ಹಿತ್ತಾಳೆಯ ಬಟ್ಟಲಿನಲ್ಲಿ ವಿಭೂತಿ ಕಲಸಿಕೊಂಡು ಏಣಿ ಹತ್ತಿದ್ದರು. ಒಣ ಬಟ್ಟೆಯಿಂದ ಚಿತ್ರದ ಮುಖ ಒರೆಸುವುದು, ಮೂರು ಬೆರಳು ಅದ್ದುವುದು, ಹಣೆಗೆ ಅಡ್ಡ ಎಳೆಯುವುದು. ಒಬ್ಬರಾದ ಮೇಲೆ ಒಬ್ಬರು. ಕೊನೆಯವರು ಆಯಿಸಾಹೇಬರು, ದೊಡ್ಡ ಧಣಿಗಳ ತಾಯಿ. ಹಸಿರು ಸೀರೆ, ತುಂಬು ತೋಳು, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ. ಅವರಿಗೆ ಹಚ್ಚುವಾಗ ಸಂಗಪ್ಪಣ್ಣ ಟೊಪ್ಪಿಗೆ ತೆಗೆದು ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮ್ಮೆಲ್ಲರ ಮನೆಯಲ್ಲೂ ಹೋದವರ ಫೋಟೋಕ್ಕೆ ಹೀಗೆಯೇ. ನಮ್ಮ ಅತ್ತೆ-ಮಾವನ ಫೋಟೋದ ಗಾಜಿನ ಮೇಲೆ ನಾನೂ ಹಚ್ಚುತ್ತೇನೆ. ಆದರೆ ಅದು ಗಾಜು. ಇಲ್ಲಿ ಗಾಜು ಇರಲಿಲ್ಲ, ಬಣ್ಣದ ಮೇಲೇ ಬೆರಳು. ಬರೆದ ಚಿತ್ರಕ್ಕೆ ಕೈ ತಾಗಿಸಿದ ಮಕ್ಕಳಿಗೆ ಸ್ಕೇಲು ತೋರಿಸಿ ಹೆದರಿಸುತ್ತಿದ್ದ ನಾನು ಅಲ್ಲಿ ನಿಂತು ಅದನ್ನೆಲ್ಲ ನೋಡಿದೆ, ನನಗೆ ಏನೂ ಅನ್ನಿಸಲಿಲ್ಲ. ಕೈ ಜೋಡಿಸಿದೆ. ಇದನ್ನು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಕಣ್ಣಿಗೆ ರೂಢಿಯಾದದ್ದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹನ್ನೆರಡರಲ್ಲಿ ಹನ್ನೊಂದು ಹಣೆಗಳಿಗೆ ಮಾತ್ರ ವಿಭೂತಿ. ಮೂಲೆಯಲ್ಲಿ ನೀಲಿ ಕೋಟಿನ ಒಬ್ಬ ತರುಣನ ಚಿತ್ರವಿತ್ತು. ಅದರ ಮುಂದೆ ಸಂಗಪ್ಪಣ್ಣ ಏಣಿ ಇಡಲೇ ಇಲ್ಲ.

"ಅವ್ರಿಗೆ ಯಾಕ ಇಲ್ಲ?"

"ಅವ್ರು ದೊಡ್ಡ ಧಣ್ಯಾರ ಸಣ್ಣ ತಮ್ಮರಿ. ಸಿಟ್ಟಿಲೆ ಮನಿ ಬಿಟ್ಟು ಹ್ವಾದ್ರು. ಹೋದಾವ್ರು ಹ್ವಾದ್ರು. ಸತ್ತ ಸುದ್ದಿ ಬಂದಿಲ್ಲಲ್ರಿ? ಬದುಕಿದ್ದಾವ್ರ ಫೋಟೋಕ್ಕ ಹೆಂಗ ಹಚ್ಚೂದು?"

ಬದುಕಿದ್ದರೆ ಅವರಿಗೆ ನೂರು ದಾಟಿ ಎಷ್ಟೋ ಆಗಿರಬೇಕಿತ್ತು. ನಾನು ಆ ಮಾತು ಎತ್ತಲಿಲ್ಲ.

ಆ ವರ್ಷ ಮಳೆ ಬಿಟ್ಟೂ ಬಿಡದೆ ಹೊಡೆಯಿತು. ನಮ್ಮ ಕಡೆಗಿಂತ ಮೇಲೆ ಮಹಾರಾಷ್ಟ್ರದ ಕಡೆ ಜೋರು. ಇಲ್ಲಿ ಆಕಾಶ ಬರಿದಾದ ದಿನವೂ ಹೊಳೆ ಏರುತ್ತಿತ್ತು. ಗಲಗಲಿಯ ಹೊಲಗಳಲ್ಲಿ ಕಬ್ಬು ಎದೆಮಟ್ಟ ನೀರಲ್ಲಿ ನಿಂತಿದೆಯಂತೆ ಎಂದು ಬಸ್ಸಿನಲ್ಲಿ ಮಾತು. ಅಂಥ ಒಂದು ವಾರ ಸಂಗಪ್ಪಣ್ಣನವರ, ತುಬಚಿ ಎಂಬ ಊರಿಗೆ ಕೊಟ್ಟಿದ್ದ ತಂಗಿಗೆ ಕಾಯಿಲೆ ಜೋರಾಯಿತು. ಹೊರಡುವ ಮೊದಲು ಬಟ್ಟಲು ನನ್ನ ಕೈಗೆ ಕೊಟ್ಟರು.

"ಅಕ್ಕಾರ, ಈ ಒಂದ ಸೋಮವಾರ ನೀವ ಹಚ್ಚಿಬಿಡ್ರಿ. ನಲವತ್ತು ವರ್ಷದಾಗ ಒಂದೂ ಬಿಟ್ಟಿಲ್ರಿ. ಬಿಡಬಾರದ್ರಿ."

ನನಗೆ ಹೆಮ್ಮೆಯೇ ಆಯಿತು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು, ಸೆರಗು ಕಟ್ಟಿ ಏಣಿ ಹತ್ತಿದೆ. ಹತ್ತು ಮಂದಿಗೆ ಹಚ್ಚಿದೆ. ಆಯಿಸಾಹೇಬರ ಹಣೆಗೆ ಮೂರು ಬೆರಳು ಎಳೆಯುವಾಗ ಉಂಗುರದ ಬೆರಳಿಗೆ ಏನೋ ಚುಚ್ಚಿದಂತಾಯಿತು. ಕೈ ತಿರುಗಿಸಿ ನೋಡಿದರೆ ಎಳ್ಳಿನಷ್ಟು ಬಣ್ಣದ ಚಕ್ಕೆ, ಗೋದಿಯ ಬಣ್ಣದ್ದು, ಬೆರಳಿಗೆ ಅಂಟಿತ್ತು. ಮೇಲೆ ಆಯಿಸಾಹೇಬರ ಎಡ ಹುಬ್ಬಿನ ಮೇಲ್ಗಡೆ ಬೆಳ್ಳಗೆ ಒಂದು ಚುಕ್ಕೆ. ಬಣ್ಣದ ಕೆಳಗಿನ ಸುಣ್ಣದಂಥ ಹಾಸು ಹೊರಗೆ ಬಂದಿತ್ತು.  ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಅದು ಬೆಳ್ಳಗೆ, ವಿಭೂತಿಯೂ ಬೆಳ್ಳಗೆ. ಇನ್ನಷ್ಟು ವಿಭೂತಿ ತೆಗೆದುಕೊಂಡು ಆ ಚುಕ್ಕೆಯ ಮೇಲೆ ದಪ್ಪಗೆ ಮೆತ್ತಿದೆ. ಬೆರಳಿನ ಚಕ್ಕೆಯನ್ನು ಸೆರಗಿಗೆ ಒರೆಸಿಕೊಂಡು ಕೆಳಗಿಳಿದೆ.

ಬುಧವಾರ ಸಂಗಪ್ಪಣ್ಣ ತುಬಚಿಯಿಂದ ಬಂದವರು ಹಾಲಿನ ನಡುವೆ ನಿಂತು ಹನ್ನೊಂದು ಮಂದಿಯನ್ನೂ ಒಂದು ಸುತ್ತು ನೋಡಿದರು. ಆಯಿಸಾಹೇಬರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು. "ಇವ್ರಿಗೆ ಸ್ವಲ್ಪ ಹೆಚ್ಚಾತ್ರಿ ಅಕ್ಕಾರ" ಎಂದು ನಕ್ಕರು. ನಾನೂ ನಕ್ಕೆ.

ಮರುದಿನವೇ ಮೈಸೂರಿನಿಂದ ವಸುಧಾ ಬಂದಳು. ಹಳೆಯ ಚಿತ್ರಗಳಿಗೆ ಚಿಕಿತ್ಸೆ ಮಾಡುವುದನ್ನೇ ಓದಿದ ಹುಡುಗಿ, ಮೂವತ್ತರೊಳಗಿನ ವಯಸ್ಸು. ನಾಲ್ಕು ಪೆಟ್ಟಿಗೆ, ಹಣೆಗೆ ಕಟ್ಟುವ ಭೂತಗನ್ನಡಿ, ಹತ್ತಿಯ ಮೂಟೆ. ಮೊದಲ ಚಿತ್ರದ ಮುಂದೆ ದೀಪ ಹಿಡಿದು ನಿಂತವಳು "ಅಯ್ಯೋ" ಎಂದಳು. ಎರಡನೆಯದರ ಮುಂದೆ ಭೂತಗನ್ನಡಿ ಕಣ್ಣಿಗೆ ಇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಕಪ್ಪು-ಬಿಳುಪಿನ ಅಳತೆಪಟ್ಟಿಯನ್ನು ಚಿತ್ರದ ಪಕ್ಕದಲ್ಲಿಟ್ಟು ಒಂದೊಂದು ಹಣೆಯ ಫೋಟೋ ತೆಗೆದಳು.

"ಯಾರು ಹಚ್ಚಿದ್ದು ಇದನ್ನ? ನೀರು ಬಿರುಕಿನೊಳಗೆ ಇಳಿದು ಇಳಿದು ಬಣ್ಣ ಎಲ್ಲ ಎದ್ದುಬಿಟ್ಟಿದೆ. ಈ ಅಮ್ಮನ ಹಣೆ ನೋಡಿ, ಇಲ್ಲಿ ಬಿದ್ದಿರೋದು ಹೊಸದು. ಅಂಚು ಇನ್ನೂ ಚೂಪಾಗಿದೆ. ಒಂದು ವಾರವೂ ಆಗಿಲ್ಲ."

ನೀಲಿ ಕೋಟಿನವನ ಮುಂದೆ ಮಾತ್ರ ಅವಳ ಮುಖ ಅರಳಿತು. "ಇದು ಬಂಗಾರ. ಒಂದು ಗೀರೂ ಇಲ್ಲ. ಆ ಚಿತ್ರಕಾರ ಹಣೆಗೆ ಬೆಳಕು ಹೇಗೆ ಕೊಡ್ತಿದ್ದ ಅಂತ ಇದೊಂದರಿಂದಲೇ ಕಲೀಬೇಕು" ಎಂದಳು. ಯಾರೂ ಕೈ ಮುಗಿಯದ ಚಿತ್ರವೇ ಕೆಡದೆ ಉಳಿದಿತ್ತು.

ಸಂಗ್ರಹಾಲಯದ ವ್ಯವಸ್ಥೆ ನೋಡಲು ಒಬ್ಬ ಮ್ಯಾನೇಜರು ಇದ್ದರು. ಕೆಟ್ಟ ಮನುಷ್ಯರಲ್ಲ. ಎಲ್ಲಕ್ಕೂ ಒಂದು ಕಾಗದ ಇರಬೇಕು ಎನ್ನುವವರು. ಅದೇ ಮಧ್ಯಾಹ್ನ ಸಭೆ ಕರೆದರು. ನನ್ನ ಅಕ್ಷರ ದುಂಡಗಿವೆ ಎಂದು ಸಭೆಯ ನಡಾವಳಿ ಬರೆಯುವ ಕೆಲಸ ಮೊದಲಿನಿಂದಲೂ ನನ್ನದೇ. ಪುಸ್ತಕ ತೆರೆದು ಕೂತೆ. ಸಂಗಪ್ಪಣ್ಣ ಬಾಗಿಲ ಹತ್ತಿರ ನಿಂತರು.

"ಏನ್ ಸಂಗಪ್ಪ, ಇದೆಲ್ಲಾ ನೀನ ಮಾಡಿದ್ದೇನು?" ಮ್ಯಾನೇಜರು ಕೇಳಿದರು.

"ಹೌದ್ರಿ, ನಾನ ಮಾಡೇನ್ರಿ. ಮದಲ ನಮ್ಮಪ್ಪ ಮಾಡತಿದ್ದ, ಅವನ ಹಿಂದ ನಾ ಮಾಡೇನ್ರಿ."

"ಆಯಿಸಾಹೇಬರ ಹಣಿ ಮ್ಯಾಲಿಂದು ಮೊನ್ನಿ ಮೊನ್ನಿ ಬಿದ್ದೈತಂತ. ಅದು?"

ನನ್ನ ಪೆನ್ನು ನಿಂತಿತು. ಸೋಮವಾರ ಅವರು ತುಬಚಿಯಲ್ಲಿದ್ದರು ಎನ್ನುವುದು ಆ ಕೋಣೆಯಲ್ಲಿ ನಮ್ಮಿಬ್ಬರಿಗೇ ಗೊತ್ತು. ಸಂಗಪ್ಪಣ್ಣ ನನ್ನ ಕಡೆ ನೋಡಲೇ ಇಲ್ಲ.

"ಅದೂ ನಾನರಿ."

ನಾನು ಮತ್ತೆ ಪೆನ್ನು ಊರಿದೆ. ಬರೆದೆ: "ಸದರಿ ಸಂಗಪ್ಪ ಇವರು ತಮ್ಮ ತಪ್ಪನ್ನು ಒಪ್ಪಿಕೊಂಡಿರುತ್ತಾರೆ." ಕಚೇರಿಯ ಭಾಷೆ ಹಾಗೆಯೇ ಇರುತ್ತದೆ ಎಂದು ಬರೆದೆ. ಆಯಿಸಾಹೇಬರ ಚಿತ್ರಕ್ಕೆ ಬೇರೆ ಸಾಲು ಮಾಡಿ ಅಲ್ಲೂ ಅವರದೇ ಹೆಸರು ಹಾಕಿದೆ. ಪುಸ್ತಕ ತಿರುಗಿಸಿ ಅವರ ಮುಂದೆ ಹಿಡಿದೆ. ಅವರು ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದು ಸಹಿ ಮಾಡಿದರು. ವಯಸ್ಸಾಗಿದೆ, ಕೆಲಸದಿಂದ ತೆಗೆಯುವುದು ಬೇಡ, ಆದರೆ ಇನ್ನು ಮುಂದೆ ದರ್ಬಾರ್ ಹಾಲಿನೊಳಗೆ ಕಾಲಿಡಕೂಡದು, ಗೇಟಿನ ಹತ್ತಿರ ಇರತಕ್ಕದ್ದು ಎಂದು ತೀರ್ಮಾನವಾಯಿತು. ಅದನ್ನೂ ನಾನೇ ಬರೆದೆ. ಬೀಗದ ಕೈಗಳ ಗೊಂಚಲು ಮ್ಯಾನೇಜರ ಮೇಜಿನ ಮೇಲೆ ಬಂತು.

ಆಮೇಲಿನ ವಾರಗಳು ಉದ್ದವಾಗಿದ್ದವು. ದಿನವೂ ಬಸ್ಸಿಳಿದರೆ ಗೇಟಿನಲ್ಲಿ ಕೊಡೆ ಹಿಡಿದು ಸಂಗಪ್ಪಣ್ಣ. "ಬಂದ್ರೇನ್ರಿ ಅಕ್ಕಾರ? ಹೊಳಿ ಎಷ್ಟ ಬಂದೈತಿ?" ಎಂದು ಕೇಳುತ್ತಿದ್ದರು. ಆ ಸಭೆಯ ಮಾತು ಒಂದು ದಿನವೂ ಆಡಲಿಲ್ಲ. ನನ್ನ ಪಟ್ಟಿ ಇನ್ನೂ ಮುಗಿದಿರಲಿಲ್ಲ. ಒಳಗೆ ಚಿತ್ರ ನೋಡಿಕೊಂಡು ಬಂದು ಗೇಟಿನಲ್ಲಿ ಅವರನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. ಯಾರ ಕೈಯಲ್ಲಿ ಪುಸ್ತಕ, ಯಾರ ಕಿವಿಯಲ್ಲಿ ಮುತ್ತು, ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ಒಯ್ದು ಕೊಟ್ಟರೆ ಅರ್ಧ ಮುರಿದುಕೊಂಡು ಅರ್ಧ ವಾಪಸು ಕೊಡುತ್ತಿದ್ದರು. ನಾಳೆ ಹೇಳುತ್ತೇನೆ, ಮ್ಯಾನೇಜರಿಗೆ ನಾಳೆ ಹೇಳಿಬಿಡುತ್ತೇನೆ ಎಂದು ಬಸ್ಸಿನಲ್ಲಿ ಪ್ರತಿದಿನ ಅಂದುಕೊಳ್ಳುತ್ತಿದ್ದೆ. ಚಿತ್ರಕಲೆಯ ಶಿಕ್ಷಕಿಯೇ ಚಿತ್ರದ ಬಣ್ಣ ಕಿತ್ತಳು ಎಂದು ಬನಹಟ್ಟಿಯ ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಆ ನಾಳೆ ಬರುತ್ತಿರಲಿಲ್ಲ.

ವಸುಧಾ ಆಯಿಸಾಹೇಬರ ಚಿತ್ರವನ್ನು ಕೆಳಗಿಳಿಸಿ ಮೇಜಿನ ಮೇಲೆ ಮಲಗಿಸಿದ್ದಳು. ಕಡ್ಡಿಗೆ ಹತ್ತಿ ಸುತ್ತಿ, ಅದನ್ನು ಬಾಯಲ್ಲಿ ಇಟ್ಟು ಒದ್ದೆ ಮಾಡಿ, ಹಣೆಯ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದಳು. ಮೊದಲ ಸಲ ನೋಡಿದಾಗ ನನಗೆ ತಬ್ಬಿಬ್ಬಾಯಿತು.

"ಎಂಜಲೇ?"

"ಹೌದು ಮೇಡಂ. ಎಷ್ಟು ಔಷಧ ಬಂದರೂ ಇದರಷ್ಟು ಮೃದುವಾದದ್ದು ಇನ್ನೊಂದಿಲ್ಲ. ದೇಶವಿದೇಶದಲ್ಲೆಲ್ಲ ಹೀಗೇ ಮಾಡ್ತಾರೆ. ನನ್ನ ಬಾಯಿ ಒಣಗಿಹೋಗುತ್ತೆ ನೋಡಿ, ದಿನಕ್ಕೆ ಎರಡು ಇಂಚೂ ಆಗಲ್ಲ."

ಆ ಹೊತ್ತಿಗೆ ಗಾಳಿಮಳೆ ಬಂತು. ಹೊರಗಿನಿಂದ ಕಿಟಕಿಯ ಕದ ಮುಚ್ಚಲು ಬಂದ ಸಂಗಪ್ಪಣ್ಣ ಕದ ಹಿಡಿದುಕೊಂಡೇ ನಿಂತುಬಿಟ್ಟರು. ಕಡ್ಡಿ ಬಾಯಿಗೆ ಹೋಗುವುದು, ಆಯಿಸಾಹೇಬರ ಹಣೆಗೆ ಬರುವುದು, ಮತ್ತೆ ಬಾಯಿಗೆ. ಮಳೆಯಲ್ಲಿ ಅವರ ಟೊಪ್ಪಿಗೆ ತೊಯ್ದು ತಲೆಗೆ ಅಂಟಿಕೊಂಡಿತು. ಕದ ಮುಚ್ಚಿ ಹೋದರು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

"ಅಕ್ಕಾರ," ಎಂದರು ನಾನು ಹೋದಾಗ, "ಅವ್ರು ಆಯಿಸಾಹೇಬರ ಹಣಿಗೆ ಎಂಜಲ ಒರಸಾಕತ್ತಾರಲ್ರಿ?"

ನಾನು ತಿಳಿಸಿ ಹೇಳಿದೆ. ಅದರಲ್ಲಿ ಏನಿದೆ, ಬಣ್ಣಕ್ಕೆ ಅದು ಯಾಕೆ ಒಳ್ಳೆಯದು, ನೀರು ಯಾಕೆ ಕೆಟ್ಟದ್ದು. ಪಾಠ ಮಾಡುವುದು ನನಗೆ ಬರುತ್ತದೆ. ಅವರು ಪೂರ್ತಿ ಕೇಳಿದರು.

"ಹೂಂ. ಶಾಣ್ಯಾರು ಹಚ್ಚಿದ್ರ ಔಷಧ ಆಕ್ಕೈತ್ರಿ" ಎಂದಷ್ಟೇ ಹೇಳಿ ಗೇಟಿನ ಕಡೆ ತಿರುಗಿದರು.

ನನಗೆ ಸಿಟ್ಟು ಬಂತು. ಅವರ ಮೇಲೆ ಅಲ್ಲ, ಯಾರ ಮೇಲೆ ಎಂದು ತಿಳಿಯದೆ ವಸುಧಾಳ ಮೇಲೆ ತೀರಿಸಿಕೊಂಡೆ. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು ತನ್ನ ಪಾಡಿಗೆ ಕೆಲಸ ಮಾಡಿದಳು. ಮೂರನೆಯ ದಿನ ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು. ತೆರೆಯ ಮೇಲೆ, ಸ್ವಚ್ಛ ಮಾಡುವ ಮೊದಲು ತೆಗೆದ ಹಣೆಗಳ ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ.

"ಇಲ್ಲಿ ಎರಡು ಕೈ ಇವೆ ಮೇಡಂ. ಕೆಳಗಿನ ಹಳೇ ಪಟ್ಟೆ ಅಗಲ ಇದೆ, ದಪ್ಪ ಬೆರಳು. ಮೇಲಿನದು ನೋಡಿ, ಹನ್ನೊಂದರಲ್ಲೂ ಸಣ್ಣದು. ಸಣ್ಣ ಬೆರಳು." ಅವಳು ನನ್ನ ಕೈ ನೋಡಲಿಲ್ಲ, ತೆರೆಯನ್ನೇ ನೋಡುತ್ತಿದ್ದಳು. "ವರದಿಯಲ್ಲಿ ಇದನ್ನ ಬರೀಬೇಕಾ ಬೇಡವಾ ಅಂತ ನಿಮ್ಮನ್ನ ಕೇಳೋಣ ಅಂತ."

"ನಾನೇ" ಎಂದೆ. ಅಷ್ಟು ದಿನ ಗಂಟಲಲ್ಲಿದ್ದದ್ದು ಎಷ್ಟು ಸಣ್ಣ ಮಾತು. ಅತ್ತುಬಿಟ್ಟೆ. ಅವಳು ನನಗೆ ಹತ್ತಿಯ ಮೂಟೆಯಿಂದ ಒಂದು ತುಂಡು ಕಿತ್ತುಕೊಟ್ಟಳು.

ಅಲ್ಲಿಂದ ನೇರ ಮ್ಯಾನೇಜರ ಕೋಣೆಗೆ ಹೋದೆ. ಅವರು ಮೊದಲು ನಕ್ಕರು. "ಅಕ್ಕಾರ, ನಿಮ್ಮದು ದೊಡ್ಡ ಮನಸ್ಸು. ಮುದುಕನ್ನ ಉಳಸಾಕ ಇಷ್ಟೆಲ್ಲಾ ಹೇಳಾಕತ್ತೀರಿ" ಎಂದರು. ನಾನು ವಸುಧಾಳ ಕಂಪ್ಯೂಟರು ತರಿಸಿ, ತೆರೆಯ ಮೇಲಿನ ಅಳತೆಯ ಪಕ್ಕದಲ್ಲಿ ನನ್ನ ಬೆರಳನ್ನೇ ಹಿಡಿದು ತೋರಿಸಿದೆ. ನಗು ನಿಂತಿತು.

"ಇದನ್ನ ಬರಕೊಂಡ್ರ ನಿಮ್ಮ ಇಲಾಖೆಗೆ ಕಾಗದ ಹೋಗತೈತಿ. ತಿಳೀತಿಲ್ಲ?"

"ಹೋಗ್ಲಿ."

ನಡಾವಳಿ ಪುಸ್ತಕ ಇಸಿದುಕೊಂಡು, ಆಯಿಸಾಹೇಬರ ಚಿತ್ರದ ಸಾಲಿನಲ್ಲಿ ಸಂಗಪ್ಪ ಎಂಬ ಹೆಸರು ಹೊಡೆದು ನನ್ನ ಹೆಸರು ಬರೆದು ಸಹಿ ಮಾಡಿದೆ. "ಹಂಗಾದ್ರ ಸಂಗಪ್ಪಣ್ಣನ್ನ ಇನ್ನ ಒಳಗ ಬಿಡ್ರಿ" ಎಂದೆ.

"ಹೆಂಗ ಬಿಡ್ಲಿರಿ? ಒಂದ ಚುಕ್ಕಿ ನಿಮ್ಮದು. ನಲವತ್ತು ವರ್ಷದ್ದು ಅವಂದು. ಅಂವನೂ ಹೊರಗ, ನೀವೂ ಹೊರಗ." ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಉದ್ಘಾಟನೆಗೆ ಎಂಟು ದಿನ ಇರುವಾಗ ನನ್ನನ್ನು ಶಾಲೆಗೆ ವಾಪಸು ಕಳಿಸಿದರು. ಕೊನೆಯ ದಿನ ಸಾಮಾನು ಚೀಲಕ್ಕೆ ಹಾಕಿಕೊಂಡು ಗೇಟಿಗೆ ಬಂದೆ. ಹೇಳಿಬಿಟ್ಟ ಸಮಾಧಾನ ಇತ್ತು ನನಗೆ, ಸುಳ್ಳು ಹೇಳುವುದಿಲ್ಲ. ಸಂಗಪ್ಪಣ್ಣ ನನ್ನನ್ನು ಹೊಗಳುತ್ತಾರೆ ಎಂದಲ್ಲ, ಮುಖ ಸ್ವಲ್ಪ ಸಡಿಲಾಗಬಹುದು ಎಂದುಕೊಂಡಿದ್ದೆ.

"ಎಲ್ಲಾ ಹೇಳಿಬಿಟ್ಟೆ ಸಂಗಪ್ಪಣ್ಣ. ಆ ಸೋಮವಾರದ ತಪ್ಪು ನಂದಂತ ಬರದು ಸಹಿ ಮಾಡೇನಿ. ನಿಮ್ಮ ಹೆಸರ ಹೊಡದ ಹಾಕೇನಿ."

ಅವರು ಕೊಡೆ ಮಡಚಿ ನೀರು ಜಾಡಿಸಿದರು.

"ಬಾಕಿ ಸೋಮವಾರದ್ದು?"

ನನಗೆ ಅರ್ಥವಾಗಲಿಲ್ಲ.

"ಆವತ್ತ ಅವ್ರು ಮಾಡಿದ್ದೇನು ಅಂತ ಕೇಳಿದ್ರು, ಮಾಡೇನಿ ಅಂದೆ. ತಪ್ಪ ಮಾಡೇನಿ ಅಂತ ಅಂದಿದ್ನೇನ್ರಿ ನಾ? ತಪ್ಪ ಅಂತ ಬರದಾವ್ರು ನೀವ್ರಿ ಅಕ್ಕಾರ."

"ನೀವು ಓದಿದ್ರಿ?"

"ನಾಕನೇತ್ತ ತನಕ ಸಾಲಿ ಕಲತೇನ್ರಿ. ಓದೇ ಸಹಿ ಮಾಡೇನಿ. ಅಕ್ಷರ ಛಂದ ಇದ್ದೂರಿ ನಿಮ್ಮವು."

"ಮತ್ತ ಯಾಕ ಮಾಡಿದ್ರಿ? ಒಲ್ಲೆ ಅನ್ನಬೇಕಿತ್ತು."

"ಅಲ್ಲೇ ಒಲ್ಲೆ ಅಂದಿದ್ರ ಮಾತಿಗೆ ಮಾತ ಬೆಳೀತಿತ್ತು. ಆ ಸೋಮವಾರ ಯಾರಿದ್ರು ಅನ್ನೂದೂ ಬರತಿತ್ತು. ನೀವು ಹೆಣ್ಮಕ್ಕಳು, ಸಾಲಿ ಕಲಸಾವ್ರು. ಬ್ಯಾಡ ಅನಿಸ್ತು." ಅವರ ದನಿ ಏರಿರಲಿಲ್ಲ. "ಬಣ್ಣ ಕೆಟ್ಟೈತಿ, ಒಪ್ಪತೇನ್ರಿ. ಗೊತ್ತಿದ್ರ ನೀರಾಗ ಕಲಸ್ತಿದ್ದಿಲ್ಲ, ದೂರಿಂದ ಕೈ ಮುಗೀತಿದ್ದೆ. ಆದ್ರ ನಲವತ್ತು ವರ್ಷ ಆ ಮನ್ಯಾಗ ಅವ್ರನ್ನ ಸತ್ತಾವ್ರು ಅಂತ ನೆನಸಿಕೊಂಡಾಂವ ನಾ ಒಬ್ಬನ. ಅವ್ರ ಮಕ್ಕಳೂ ನೆನಸಲಿಲ್ಲ, ಮೊಮ್ಮಕ್ಕಳೂ ನೆನಸಲಿಲ್ಲ. ಅದಕ್ಕ ಒಂದ ಹೆಸರು ಬೇಕಾದ್ರ ಬ್ಯಾರೆ ಬರೀಬೇಕಿತ್ರಿ."

ಒಳಗೆ ಹೋಗಿ ಆ ಪುಸ್ತಕ ಇನ್ನೊಮ್ಮೆ ಕೇಳಬಹುದಿತ್ತು. ಒಂದೇ ಒಂದು ಶಬ್ದ ಹೊಡೆಯುವುದಿತ್ತು. ನಾನು ಹೊಡೆದದ್ದು ಅವರ ಹೆಸರನ್ನು, ಅದರಲ್ಲೂ ನನ್ನ ಸತ್ಯವಂತಿಕೆಯೇ ದೊಡ್ಡದಾಗಿ ಕಂಡಿತ್ತು ನನಗೆ. ಅಷ್ಟರಲ್ಲಿ ಬನಹಟ್ಟಿಯ ಬಸ್ಸು ಬಂತು. ಆ ಮಳೆಯಲ್ಲಿ ಮುಂದಿನ ಬಸ್ಸು ಬರುತ್ತದೋ ಇಲ್ಲವೋ. ಹತ್ತಿಬಿಟ್ಟೆ. ಶಾಲೆಯಲ್ಲಿ ಒಂದು ಮೆಮೋ ಕೊಟ್ಟರು, ನಾಲ್ಕು ದಿನ ಆಡಿಕೊಂಡರು, ಮರೆತರು. ಎರಡು ವರ್ಷದ ಹಿಂದೆ ಹುನ್ನೂರಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಗಪ್ಪಣ್ಣ ಹೋದ ಸುದ್ದಿ ಹೇಳಿದಳು. ಮಣ್ಣಿಗೂ ಹೋಗಲಿಲ್ಲ ನಾನು. ಯಾವ ಮುಖ ಹೊತ್ತು ಹೋಗಲಿ ಎಂದು ಮನೆಯಲ್ಲೇ ಕೂತೆ.

ಈಗ ಬೆಂಚಿನ ಮೇಲೆ ಕೂತು ನೋಡಿದರೆ ವಸುಧಾ ಎಂಥ ಕೆಲಸ ಮಾಡಿದ್ದಾಳೆ! ಹನ್ನೊಂದು ಹಣೆಗಳೂ ಸ್ವಚ್ಛ. ಆಯಿಸಾಹೇಬರ ಎಡ ಹುಬ್ಬಿನ ಮೇಲೆ ಎಲ್ಲಿ ಚುಕ್ಕೆ ಇತ್ತು ಎಂದು ನನಗೇ ಗುರುತು ಸಿಗಲಿಲ್ಲ. ಬಂದವರೆಲ್ಲ ನೀಲಿ ಕೋಟಿನವನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚಿತ್ರ ತೋರಿಸುವ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ, ಬಾಯಿಪಾಠ ಒಪ್ಪಿಸುತ್ತಿದ್ದಳು: "ಹಿಂದಿನ ಸೇವಕರ ತಪ್ಪಿನಿಂದಾಗಿ ಹಾಳಾಗಿದ್ದ ಈ ಚಿತ್ರಗಳನ್ನು ತಜ್ಞರು ಪುನಃ..." ಗೋಡೆಯ ಫಲಕದ ಮೇಲೂ ಅದೇ ಸಾಲು ಇತ್ತು. ನಡಾವಳಿಯಿಂದ ಫಲಕಕ್ಕೆ, ಫಲಕದಿಂದ ಈ ಹುಡುಗಿಯ ಬಾಯಿಗೆ. ನನ್ನ ಶಬ್ದ ಒಂಬತ್ತು ವರ್ಷ ಆರಾಮಾಗಿ ಬದುಕಿತ್ತು.

ಬೀಗರೆಲ್ಲ ಮುಂದಿನ ಕೋಣೆಗೆ ಹೋದ ಮೇಲೆ ಎದ್ದು ಅವಳ ಹತ್ತಿರ ಹೋದೆ.

"ತಂಗಿ, ಆ ಸೇವಕರು ಅಂದ್ಯಲ್ಲ, ಅವ್ರ ಹೆಸರು ಗೊತ್ತೈತೇನು? ಸಂಗಪ್ಪ ಅಂತ."

"ಯಾವ ಸಂಗಪ್ಪರಿ?" ಎಂದಳು ಪಾಪ.

"ಈ ಫಲಕದ ಮ್ಯಾಲಿನ ಒಂದು ಶಬ್ದ ತಪ್ಪೈತಿ. ಯಾರಿಗೆ ಹೇಳಬೇಕು?"

ಅವಳಿಗೆ ಇದು ಹೊಸ ಸಂಗತಿ. ಸ್ವಲ್ಪ ಯೋಚಿಸಿ, ಬಾಗಿಲ ಬಳಿಯ ಮೇಜಿನಿಂದ ಬಂದುಹೋದವರು ಅಭಿಪ್ರಾಯ ಬರೆಯುವ ಪುಸ್ತಕ ತಂದು ಕೊಟ್ಟಳು. "ಇದ್ರಾಗ ಬರೀರಿ ಅಮ್ಮಾರ. ತಿಂಗಳಿಗೊಮ್ಮೆ ದೊಡ್ಡಾವ್ರು ಓದತಾರ." ಪುಟದ ತುಂಬ 'ಬಹಳ ಚೆನ್ನಾಗಿದೆ', 'ಕುಡಿಯುವ ನೀರಿನ ವ್ಯವಸ್ಥೆ ಮಾಡಿ' ಎಂದೆಲ್ಲ ಇತ್ತು.  ಆಯಿಸಾಹೇಬರ ಎದುರಿಗೆ ನಿಂತುಕೊಂಡೇ ಬರೆದೆ:

"ಈ ಮನೆಯ ಹನ್ನೊಂದು ಮಂದಿಯನ್ನು ಅವರ ಮಕ್ಕಳು ಮರೆತ ಮೇಲೂ, ನಲವತ್ತು ವರ್ಷ, ಒಂದು ಸೋಮವಾರ ಬಿಟ್ಟು ಪ್ರತಿ ಸೋಮವಾರ ನೆನೆದು ವಿಭೂತಿ ಹಚ್ಚಿದವರು ಹುನ್ನೂರಿನ ಸಂಗಪ್ಪ. ಹಚ್ಚಿದ್ದೇನೆ ಎಂದು ಅವರು ಹೇಳಿದರು. ತಪ್ಪು ಎಂದು ಬರೆದವಳು ನಾನು."